ಏಳು ರಾತ್ರಿ, ಒಂದೇ ಕ್ಯಾಬಿನ್

"ಅಂಕಲ್, ನಿಮ್ಮ ಪೂರ್ತಿ ಹೆಸರು ಹೇಳ್ತೀರಾ?" ಎಂದು ಟ್ರಾವೆಲ್ಸ್ ಕಂಪನಿಯ ಹುಡುಗಿ ಚೇತನಾ ಕೇಳಿದ್ದೇ ತಡ, ಪಕ್ಕದಲ್ಲಿ ಕುಳಿತಿದ್ದ ಕಲಾವತಿ ಗಂಡನ ಬಾಯನ್ನೇ ನೋಡತೊಡಗಿದಳು. ಗಂಗಾ ನದಿಯ ಮೇಲೆ ಏಳು ರಾತ್ರಿಯ ಹಡಗಿನ ಪ್ರಯಾಣ. ಎಪ್ಪತ್ತು ದಾಟಿದವರಾದರೆ ಕಂಪನಿಯವರು ಮನೆಗೇ ಬಂದು, ಮಾತನಾಡಿಸಿ ನೋಡಿ, ಸಹಿ ಹಾಕಿದ ಮೇಲೆಯೇ ಟಿಕೆಟ್ಟು.

"ಹೆಚ್. ಹನುಮಂತಯ್ಯ. ಎಪ್ಪತ್ತಮೂರು ವರ್ಷ. ಬಸವೇಶ್ವರನಗರ, ಎಂಟನೇ ಮೇನು" ಎಂದು ಕಲಾವತಿಯ ಗಂಡ ಒಂದೇ ಉಸಿರಿಗೆ ಒಪ್ಪಿಸಿದರು. ಕೇಳದೇ ಇದ್ದ ವಯಸ್ಸನ್ನೂ ವಿಳಾಸವನ್ನೂ ಸೇರಿಸಿ ಹೇಳಿದ್ದು ಚೇತನಾಗೆ ವಿಶೇಷ ಅನ್ನಿಸಲಿಲ್ಲ. ಹದಿನೈದು ದಿನದಿಂದ ಬೆಳಿಗ್ಗೆ ಸಂಜೆ ಕೂರಿಸಿಕೊಂಡು ಮಗ್ಗಿ ಹೇಳಿಸಿದ ಹಾಗೆ ಹೇಳಿಸಿದ್ದು ಕಲಾವತಿಗೆ ಮಾತ್ರ ಗೊತ್ತು. ಮರೆವಿನ ಕಾಯಿಲೆ ಎಂದು ಡಾಕ್ಟರು ಹೇಳಿ ಎಂಟು ತಿಂಗಳಾಗಿತ್ತು. ಅರ್ಜಿಯಲ್ಲಿ 'ಮರೆವಿನ ಕಾಯಿಲೆ ಇದೆಯೇ?' ಎಂಬ ಪ್ರಶ್ನೆಯ ಮುಂದೆ ಅವಳು 'ಇಲ್ಲ' ಎಂದು ಬರೆದಿದ್ದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು. ಆ ಎರಡಕ್ಷರಕ್ಕೆ ಅರ್ಧ ಗಂಟೆ ಹಿಡಿದಿತ್ತು.

ಹನುಮಂತಯ್ಯ ಮೂವತ್ತನಾಲ್ಕು ವರ್ಷ ಬೀದಿಬೀದಿಗೆ ಕಾವೇರಿ ನೀರು ಬಿಡುವ ಕೆಲಸ ಮಾಡಿದವರು. ಅವರು ವಾಲ್ವ್ ತಿರುಗಿಸಿದರೆ ಅರ್ಧ ರಾಜಾಜಿನಗರ ಸ್ನಾನ ಮಾಡುತ್ತಿತ್ತು. "ನಾನು ನೋಡಿರೋದೆಲ್ಲ ಪೈಪಲ್ಲಿರೋ ನದೀನೇ ಕಣೇ. ಒಂದು ವಾರ ನದಿ ಮೇಲೇ ಇದ್ದುಬಿಡ್ಬೇಕು" ಎಂದು ಹೇಳುತ್ತಲೇ ನಿವೃತ್ತರಾದರು, ಹೇಳುತ್ತಲೇ ಮುದುಕರಾದರು. ಆ ಆಸೆಯೂ ಮರೆತುಹೋಗುವ ಮೊದಲು ತೀರಿಸಿಬಿಡಬೇಕು ಎಂಬುದು ಕಲಾವತಿಯ ಹಟ.

ಚೇತನಾ ಉತ್ಸಾಹದಿಂದ ವಿವರಿಸತೊಡಗಿದಳು. "ಮೊದಲನೇ ಸಲ ಹೋಗೋರಿಗೆ ಭಯ ಇರತ್ತೆ ಆಂಟಿ. ಏನೂ ಆಗಲ್ಲ. ಸಮುದ್ರದ ಥರ ಅಲೆ ಇರಲ್ಲ, ತಲೆ ಸುತ್ತಲ್ಲ. ಕತ್ತಲಾದ್ರೆ ಹಡಗು ನಿಲ್ಲಿಸಿಬಿಡ್ತಾರೆ. ದಡಕ್ಕೆ ಹೋಗೋಕೆ ಸಣ್ಣ ದೋಣಿ ಇರತ್ತೆ. ಸೂಟ್‌ಕೇಸ್ ಚಿಕ್ಕದಿರ್ಲಿ, ಮಂಚದ ಕೆಳಗೆ ಹೋಗ್ಬೇಕು. ರೂಮಿಗೆ ಪುಟ್ಟ ಬಾಲ್ಕನಿ ಇದೆ, ಕಂಬಿ ಸೊಂಟದವರೆಗೆ ಬರತ್ತೆ. ಒಂದೇ ಕಷ್ಟ ಅಂದ್ರೆ ಕ್ಯಾಬಿನ್ ಬಾಗಿಲುಗಳೆಲ್ಲ ಒಂದೇ ಥರ ಇರ್ತವೆ. ನಂಬರ್ ನೆನಪಿಟ್ಕೊಂಡ್ರೆ ಆಯ್ತು, ಅಷ್ಟೇ."

"ಅಷ್ಟೇ ತಾನೇ" ಎಂದಳು ಕಲಾವತಿ. ಅಷ್ಟೇ! ಕಳೆದ ವಾರ ಈ ಮಹಾನುಭಾವರು ಹಾಲು ತರಲು ಹೋಗಿ, ಪಕ್ಕದ ರಸ್ತೆಯ ಯಾರದೋ ಮನೆಯ ಸೋಫಾದಲ್ಲಿ ಕುಳಿತು ಪೇಪರ್ ಕೇಳಿದ್ದರು. ಇರಲಿ, ಏಳು ರಾತ್ರಿ ತಾನೇ, ಬಾಗಿಲಿಗೆ ಅಡ್ಡ ಮಲಗಿದರಾಯಿತು ಎಂದುಕೊಂಡು ಎದ್ದು ಒಳಗೆ ಹೋಗಿ ಕಾಫಿ ತಂದಳು.

ಹನುಮಂತಯ್ಯ ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡರು. "ನೀವೂ ಕೂತ್ಕೊಳ್ಳಿ. ಸುಮ್ನೆ ನಿಮಗೆ ತೊಂದರೆ ಕೊಟ್ವಿ" ಎಂದರು.

"ಅಯ್ಯೋ, ಎಷ್ಟು ಚೆನ್ನಾಗಿ ಮಾತಾಡಿಸ್ತಾರೆ ಆಂಟಿ ನಿಮ್ಮನ್ನ!" ಚೇತನಾ ಕಣ್ಣರಳಿಸಿದಳು. "ನಮ್ಮಪ್ಪ ಒಂದು ದಿನಾನೂ ನಮ್ಮಮ್ಮಂಗೆ ನೀವು ಅಂದಿದ್ದಿಲ್ಲ."

ಕಲಾವತಿ ಚೇತನಾಗೂ ಒಂದು ಲೋಟ ಕೊಟ್ಟಳು. ನಲವತ್ತಾರು ವರ್ಷದ ಸಂಸಾರದಲ್ಲಿ ಅವಳು ಕೇಳಿದ್ದೆಲ್ಲ 'ಬಾರೇ', 'ಎಲ್ಲಿ ಹಾಳಾಗಿ ಹೋಗಿದ್ದೆ', 'ನಿನ್ನ ತಲೆ'. ಮೊದಮೊದಲು ಸಿಟ್ಟು ಬರುತ್ತಿತ್ತು. ಈ ಮನುಷ್ಯನ ಬಾಯಲ್ಲಿ ಪ್ರೀತಿ ಬರುವುದೇ ಹೀಗೆ ಎಂದು ಆಮೇಲೆ ತಿಳಿದಿತ್ತು. 'ನೀವು' ಶುರುವಾಗಿದ್ದು ಒಂದು ತಿಂಗಳಿಂದ. ಗಂಡ ಬಹುವಚನಕ್ಕೆ ಬಂದರೆಂದರೆ, ಎದುರಿಗಿರುವವಳು ಯಾರೆಂದು ಅವರಿಗೆ ತಿಳಿಯುತ್ತಿಲ್ಲ ಎಂದರ್ಥ. ಇದುವರೆಗೆ ಸಂಜೆ ಹೊತ್ತು ಮಾತ್ರ ಹಾಗಾಗುತ್ತಿತ್ತು. ಈಗಿನ್ನೂ ಬೆಳಿಗ್ಗೆ ಹನ್ನೊಂದು ಗಂಟೆ. ಯಾವ ದೇವರನ್ನು ಬೈಯಬೇಕೋ ಅವಳಿಗೆ ತಿಳಿಯಲಿಲ್ಲ.

"ಕೊನೇ ಪ್ರಶ್ನೆ ಅಂಕಲ್" ಎಂದು ಚೇತನಾ ಪೆನ್ನು ಎತ್ತಿಕೊಂಡಳು. "ನಿಮ್ಮಿಬ್ರಿಗೂ ಒಂದೇ ಕ್ಯಾಬಿನ್. ಮಂಚ ಜೋಡಿಸಿ ಹಾಕ್ಸೋದಾ, ಬೇರೆ ಬೇರೆನಾ?"

ಹನುಮಂತಯ್ಯ ಗಾಬರಿಯಿಂದ ಲೋಟ ಕೆಳಗಿಟ್ಟರು. "ಒಂದೇ ರೂಮಾ? ಛೆ ಛೆ, ಅದೆಲ್ಲ ಆಗಲ್ಲಮ್ಮ. ಇವರು ಒಳ್ಳೆಯವರೇ, ಇಲ್ಲ ಅನ್ನಲ್ಲ. ಪಾಪ, ಮೂರು ಹೊತ್ತೂ ಊಟ ಹಾಕ್ತಾರೆ. ಆದ್ರೆ ನಾನು ಹೋಗೋದು ನನ್ನ ಹೆಂಡ್ತಿ ಜೊತೆ."

ಚೇತನಾ ಅವರ ಮುಖ ನೋಡಿದಳು, ಕಲಾವತಿಯ ಮುಖ ನೋಡಿದಳು. ಕಲಾವತಿಯೇ ಕೈಚಾಚಿ ಅರ್ಜಿಯನ್ನೂ ಪೆನ್ನನ್ನೂ ತೆಗೆದುಕೊಂಡು, 'ಇಲ್ಲ' ಎಂದಿದ್ದನ್ನು ಹೊಡೆದುಹಾಕಿ, ಮೇಲೆ 'ಇದೆ' ಎಂದು ಬರೆದು ಕೊಟ್ಟಳು. ಚೇತನಾ "ಸಾರಿ ಆಂಟಿ" ಎಂದಷ್ಟೇ ಹೇಳಿ, ಸಹಿ ಹಾಕದೆ, ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದಳು.

ಹನುಮಂತಯ್ಯ ಗೇಟಿನ ಕಡೆಗೊಮ್ಮೆ ನೋಡಿದರು. ಆಮೇಲೆ ಕಲಾವತಿಯ ಕಡೆಗೆ ಬಾಗಿ ದನಿ ತಗ್ಗಿಸಿದರು.

"ಅವಳಿಗೆ ನೀರು ಕಂಡ್ರೆ ಭಯ ಕಣ್ರೀ. ನನಗೆ ಬೇಜಾರಾಗತ್ತೆ ಅಂತ ಇವತ್ತಿನವರೆಗೂ ಹೇಳಿಲ್ಲ, ಆದ್ರೆ ನನಗೆ ಗೊತ್ತು. ದೋಣಿ ಹತ್ತೋವಾಗ ನಾನೇ ಕೈ ಹಿಡ್ಕೋಬೇಕು. ಅವಳು ಬರೋತನಕ ನೀವು ಇಲ್ಲೇ ಇರ್ತೀರಲ್ಲ?"