ಬಾಗಿಲಲ್ಲಿ ನಿಂತವಳು

"ಈ ತುದಿ ಹಿಡ್ಕೊಳ್ಳಿ," ಎಂದು ಹೆಂಡತಿ ಒಣಗಿದ ಬೆಡ್‌ಶೀಟಿನ ಒಂದಂಚನ್ನು ಕತೆಗಾರನ ಕೈಗಿತ್ತಳು. ಅವನು ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಎದ್ದ. ಮೇಜಿನ ಮೇಲಿನ ಹಾಳೆಯಲ್ಲಿ ಇವತ್ತೂ ಹೊಸ ಸಾಲಿರಲಿಲ್ಲ.

"ನಿಮ್ಮ ಕತೆಯ ತಂಗಿ ಇನ್ನೂ ಅಣ್ಣನ ಬಾಗಿಲಲ್ಲೇ ಇದ್ದಾಳಾ?" ಹೆಂಡತಿ ಕೇಳಿದಳು.

"ಹೂಂ. ಜಗಳ ಆಡ್ಕೊಂಡು ಹೋದವಳು ಎಷ್ಟೋ ವರ್ಷದ ಮೇಲೆ ಬಂದಿದ್ದಾಳೆ. ಅಣ್ಣ ಏನನ್ನಬೇಕು ಅಂತ್ಲೇ ಹೊಳೀತಿಲ್ಲ. ತೂಕದ ಮಾತು ಬೇಕು."

"ತೂಕ ಆಮೇಲೆ ನೋಡ್ಕೊಳ್ಳಿ. ತಿಂಗಳಿಂದ ನಿಲ್ಲಿಸಿದ್ದೀರಲ್ರೀ. ಪಾಪ, ಕಾಲು ನೋಯಲ್ವಾ ಅವಳಿಗೆ?"

ಬೆಡ್‌ಶೀಟ್ ಮಡಿಸುತ್ತ ಇಬ್ಬರೂ ಹತ್ತಿರ ಬಂದರು. ಅವನ ತುದಿ ಅವಳ ಕೈ ಸೇರಿತು. ಅವನು ಮೇಜಿಗೆ ಹೋಗಿ ಕೂತು, ಕಿವಿಯ ಮೇಲಿನ ಪೆನ್ನು ತೆಗೆದು ಬರೆದ: "ಅಣ್ಣ ಅವಳಿಗೆ ಕೂರಲು ಕುರ್ಚಿಯ ಮೇಲಿದ್ದ ಬಟ್ಟೆಯ ರಾಶಿಯನ್ನು ಎತ್ತಿಟ್ಟ."