ಹಲ್ಲುಪುಡಿಯ ನಂತರ ನಾಲ್ಕು ಸೆಕೆಂಡು

“ಮುತ್ತಿನಂಥ ಹಲ್ಲಿಗೆ, ಮನೆಮಂದಿಗೆಲ್ಲ ಒಂದೇ ಡಬ್ಬಿ!” ಎಂದು ಹಳೇ ಟೇಪಿನಲ್ಲಿ ಹೆಂಗಸೊಬ್ಬಳು ಕೂಗಿ ಮುಗಿಸಿದಳು. ಕಟಕ್ಕನೆ ಒಂದು ಸದ್ದು. ಅದರ ಬೆನ್ನಿಗೇ ಪಿಟೀಲು. ಒಂದು ಸ್ವರದಿಂದ ಇನ್ನೊಂದಕ್ಕೆ ಜೇನಿನಂತೆ ಇಳಿದು, ನಡುವೆ ಒಂದು ಗಳಿಗೆ ತಡೆದು, ಆಮೇಲೆ ತಳ ಮುಟ್ಟಿತು. ನಾಲ್ಕೇ ಸೆಕೆಂಡು. ಟೇಪು ಮುಗಿಯಿತು.

“ಅವರೇ!” ಎಂದರು ಅತ್ತಿಗೆ. “ಇನ್ನೊಂದ್ಸಲ ಹಾಕು, ಸ್ವಿಚ್ಚಪ್ಪ.”

ಸ್ಟುಡಿಯೋದಲ್ಲಿ ಮೂವತ್ತೈದು ವರ್ಷ ಗುಂಡಿ ಒತ್ತಿದ್ದಕ್ಕೆ ಸಿಕ್ಕ ಹೆಸರದು. ಸ್ವಿಚ್ಚಪ್ಪ ಟೇಪು ಹಿಂದಕ್ಕೆ ಸುತ್ತಿದ. ಮತ್ತೆ ಹಲ್ಲುಪುಡಿಯನ್ನು ಸಹಿಸಬೇಕಾಯಿತು.

ಪಿಟೀಲಿನವನು ಅತ್ತಿಗೆಯ ಗಂಡ, ಸ್ವಿಚ್ಚಪ್ಪನಿಗೆ ಒಡಹುಟ್ಟಿದ ಅಣ್ಣನಿಗಿಂತ ಹೆಚ್ಚು. ಅವನು ಸತ್ತಾಗ ಅವನ ನುಡಿಸಾಣಿಕೆಯದು ಉಳಿದದ್ದು ಇದೊಂದೇ ಟೇಪು. “ಟೇಪು ಬೂಷ್ಟು ಹಿಡಿಯುತ್ತೆ ಅತ್ತಿಗೆ, ಕಂಪ್ಯೂಟರಿಗೆ ಹಾಕಿದರೆ ಯಾವತ್ತೂ ಕೆಡೋಲ್ಲ” ಎಂದು ದೊಡ್ಡ ಬಾಯಿ ಮಾಡಿದವನೂ ಇವನೇ. ಮೂರು ತಿಂಗಳು ಟೇಪು ಕೇಳಿಸಿಕೊಳ್ಳುತ್ತ ಕೀಲಿಮಣೆಯಲ್ಲಿ ಒಂದೊಂದೇ ಸ್ವರ ಕುಟ್ಟಿದ. ಆ ಕಾಲದ ಕಂಪ್ಯೂಟರ್ ಪೆಟ್ಟಿಗೆಗೆ ತಿಳಿಯುತ್ತಿದ್ದುದು ಇಷ್ಟೇ: ಯಾವ ಸ್ವರದ ಮನೆ ಒತ್ತಿದರು, ಎಷ್ಟು ಜೋರಾಗಿ, ಯಾವಾಗ ಬಿಟ್ಟರು. ಎರಡು ಮನೆಗಳ ನಡುವೆ ಜಾಗವಿದೆ ಎಂಬುದೇ ಅದಕ್ಕೆ ಗೊತ್ತಿರಲಿಲ್ಲ. ಕಡತಕ್ಕೆ ಹೆಸರಿಡಲು ಎಂಟೇ ಅಕ್ಷರ ಕೊಟ್ಟಿತ್ತು. ಅಣ್ಣನ ಹೆಸರಿನ ಬಾಲ ಅಲ್ಲೇ ತುಂಡಾಯಿತು. ಆಗಲಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಎಲ್ಲ ಒಳಗೆ ಸೇರಿತಲ್ಲ ಎಂದು ಅದೇ ಟೇಪಿನ ಮೇಲೆ ಹಲ್ಲುಪುಡಿಯ ಜಾಹೀರಾತು ತುಂಬಿಸಿದ; ಅಳಿಯದೆ ಉಳಿದದ್ದು ತುದಿಯ ಈ ನಾಲ್ಕು ಸೆಕೆಂಡು.

ಗಾಜಿನ ಆಚೆ ಅಣ್ಣನ ಮಗಳು ಪಿಟೀಲು ಹಿಡಿದು ನಿಂತಿದ್ದಳು. ಅಪ್ಪ ಹೋದಾಗ ಅವಳಿಗೆ ಎಂಟು ತಿಂಗಳು. ಅವಳಿಗೆ ಅಪ್ಪನೂ ಆ ಪೆಟ್ಟಿಗೆಯೇ, ಗುರುವೂ ಆ ಪೆಟ್ಟಿಗೆಯೇ. “ಅಪ್ಪ ಹೀಗೆ ನುಡಿಸ್ತಿರಲಿಲ್ಲ ಕಣೇ” ಎಂದು ಅತ್ತಿಗೆ ಎಷ್ಟೋ ಸಲ ಹೇಳಿದ್ದರು. “ಮತ್ತೆ ಹೇಗೆ? ಹಾಡಿ ತೋರಿಸು” ಎಂದರೆ ಅವರಿಗೆ ದನಿಯೇ ಏಳುತ್ತಿರಲಿಲ್ಲ. ಇವತ್ತು ಅಪ್ಪನ ಹೆಸರಿನಲ್ಲೇ ಪೆಟ್ಟಿಗೆಯಲ್ಲಿದ್ದ ಅವನ ರಚನೆಗಳ ಧ್ವನಿಮುದ್ರಣ. ಅದಕ್ಕೆ ಮೊದಲು ಈ ಟೇಪು ಸಿಕ್ಕಿದ್ದು ಪುಣ್ಯ ಎಂದುಕೊಂಡು ಸ್ವಿಚ್ಚಪ್ಪ ಬೆಳಗ್ಗೆಯೇ ಇಬ್ಬರನ್ನೂ ಕರೆಸಿದ್ದ.

“ಕೇಳಿದೆಯಾ ಮಗಳೇ?” ಎಂದ ಸ್ವಿಚ್ಚಪ್ಪ, ಮಾತಿನ ಗುಂಡಿ ಒತ್ತಿ. “ನಾನು ಕುಟ್ಟಿದ್ದೆಲ್ಲ ಬರೀ ಮೆಟ್ಟಿಲು. ಅದನ್ನ ಮರೆತುಬಿಡು. ಇದನ್ನ ಹಿಡಿ.”

ಅವಳು ಕಣ್ಣು ಮುಚ್ಚಿ ಮೂರನೇ ಸಲ ಕೇಳಿದಳು. ಆಮೇಲೆ ತಾನೇ ನುಡಿಸಿದಳು. ಟಕ್, ಟಕ್, ಟಕ್. ಒಂದು ಸ್ವರವೂ ಪಕ್ಕದ್ದಕ್ಕೆ ತಾಗಲಿಲ್ಲ. ಗಾಜಿನ ಹತ್ತಿರ ಬಂದು, ಅಮ್ಮನಿಗೆ ಕೇಳಿಸದ ಹಾಗೆ ಮೈಕಿಗೆ ಬಾಯಿಟ್ಟು ಮೆಲ್ಲಗೆ ಹೇಳಿದಳು.

“ಚಿಕ್ಕಪ್ಪ, ಬೇಜಾರು ಮಾಡ್ಕೋಬೇಡಿ. ಅಪ್ಪನ ಕೈ ಜಾರಿಬಿಟ್ಟಿದೆ ಇಲ್ಲಿ. ಹುಷಾರಿರಲಿಲ್ಲವೇನೋ ಪಾಪ. ನೀವು ಬರೆದಿಟ್ಟಿದ್ದೇ ಸರಿ. ಇದನ್ನ ಅಳಿಸಿಬಿಡಿ, ಯಾರಾದರೂ ಕೇಳಿದರೆ ಏನಂದ್ಕೋತಾರೆ?”

ಮೈಕಿನ ಮಾತು ಈಚೆ ಕೋಣೆಯ ದೊಡ್ಡ ಸ್ಪೀಕರಿನಲ್ಲೇ ಬರುತ್ತದೆಂದು ಅವಳಿಗೆ ನೆನಪಿರಲಿಲ್ಲ. ಅತ್ತಿಗೆ ಎದ್ದು ಬಂದರು. ಟೇಪು ಅಳಿಸುವ ಕೆಂಪು ಗುಂಡಿಯನ್ನು ಅಂಗೈಯಿಂದ ಮುಚ್ಚಿ ನಿಂತರು.