ಜೆರಾಕ್ಸ್ ಅಂಗಡಿಯ ತನಿಖೆ

"ಒಂದು ಚಪ್ಪಲಿ ಇಲ್ಲಿದೆ. ಇನ್ನೊಂದು ಎಲ್ಲಿ?"

ರಘುಪತಿ ಇದನ್ನು ಯಾರನ್ನೋ ಕೇಳಿದ್ದಲ್ಲ. ಗೋಡೆಗೆ ಅಂಟಿಸಿದ್ದ ಚಪ್ಪಲಿಯ ಫೋಟೊದ ಬಣ್ಣದ ಪ್ರಿಂಟನ್ನು ನೋಡುತ್ತ ಕೇಳಿ, ಕಣ್ಣು ಮುಚ್ಚಿದ. ವೇಷವಿಲ್ಲದೆ ಮಾತಿನಲ್ಲೇ ನಡೆಯುವ ಯಕ್ಷಗಾನ, ತಾಳಮದ್ದಲೆಯಲ್ಲಿ ಅರ್ಥ ಹೇಳಿ ಪಳಗಿದವನು. ಪ್ರಶ್ನೆಯ ಬಳಿಕ ಎಷ್ಟು ಹೊತ್ತು ಸುಮ್ಮನಿರಬೇಕೆಂದು ಅವನಿಗೆ ಗೊತ್ತಿತ್ತು.

ಸಿದ್ದಾಪುರ ಪೇಟೆಯ ಅವನ ಜೆರಾಕ್ಸ್ ಅಂಗಡಿಯಲ್ಲಿ ಕಿಕ್ಕಿರಿದಿದ್ದ ಮಂದಿ ಅವನ ಬಾಯನ್ನೇ ನೋಡಿದರು. ಅವನ ಹದಿನೆಂಟರ ಮಗಳು ಅಭಿಜ್ಞಾ ಕಾಣೆಯಾಗಿ ವಾರವಾಗಿತ್ತು. ಪೊಲೀಸರು ಹುಡುಕುತ್ತಿದ್ದರು. ಆದರೆ ಪೊಲೀಸರಿಗೆ ಮಾತು ಬರುವುದಿಲ್ಲ. ರಘುಪತಿಗೆ ಬರುತ್ತದೆ. ಊರು ಯಾರ ಕಡೆ ಕಿವಿ ಕೊಟ್ಟಿತೆಂದು ಬೇರೆ ಹೇಳಬೇಕಿಲ್ಲ.

"ಎಳೆದಾಟದಲ್ಲಿ ಹೊಳೆಗೆ ಬಿತ್ತು," ಎಂದು ಉತ್ತರವನ್ನೂ ಅವನೇ ಕೊಟ್ಟ. "ಎಳೆದವನು ಯಾರು?"

"ಮಂಜ!" ಎಂದಿತು ಅಂಗಡಿ.

ಮಂಜ ಆಟೊ ಓಡಿಸುವವನು. ಅಂದು ಬೆಳಿಗ್ಗೆ ಹುಡುಗಿಯನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟವನು ತಾನೇ ಎಂದು ಠಾಣೆಗೆ ಹೋಗಿ ಹೇಳಿದವನೂ ಅವನೇ. ಕೇಳುವ ಮೊದಲೇ ನಿಜ ಹೇಳಿದವನ ಮೇಲೆ ಊರಿಗೆ ಸಹಜವಾಗಿಯೇ ಅನುಮಾನ ಬಂದಿತ್ತು. ಹೊಳೆದಂಡೆಯಲ್ಲಿ ರಘುಪತಿಗೆ ಚಪ್ಪಲಿ ಸಿಕ್ಕಿದ ಮೇಲೆ ಅನುಮಾನವೂ ಉಳಿಯಲಿಲ್ಲ.

ಕಾವ್ಯಶ್ರೀ ಮೊಬೈಲು ಎತ್ತಿ ಹಿಡಿದು ತನ್ನ ಚಾನೆಲ್ಲಿಗೆ ನೇರಪ್ರಸಾರ ಮಾಡುತ್ತಿದ್ದಳು. "ಸರ್, ಒಬ್ರು ಕೇಳ್ತಿದಾರೆ. ಹುಡುಗಿ ತಾನಾಗೇ ಹೋಗಿರ್ಲಿಕ್ಕೂ ಸಾಕಲ್ಲ ಅಂತ."

"ಮರುದಿನ ನಿಶ್ಚಿತಾರ್ಥ ಇದ್ದವಳೇ? ಯಲ್ಲಾಪುರದ ಅಂಥ ಮನೆಯ ಸಂಬಂಧ ಬಿಟ್ಟೇ? ತನ್ನ ಮೊಬೈಲನ್ನೂ ಮೇಜಿನ ಮೇಲೆ ಬಿಟ್ಟೇ?"

"ಮೊಬೈಲ್ ಬಿಟ್ಟು ಈಗಿನ ಕಾಲ್ದಾಗ ಹೆಣ ಸುದ್ದಾ ಹೋಗಂಗಿಲ್ಲ ಬಿಡ್ರಿ," ಎಂದ ಶಂಕ್ರಪ್ಪ. ದಾಸನಕೊಪ್ಪದಿಂದ ಪಹಣಿಯ ಜೆರಾಕ್ಸ್ ಮಾಡಿಸಲು ಬಂದವನು; ಪಹಣಿ ಮರೆತು ಬೆಂಚು ಹಿಡಿದಿದ್ದ. ಎಲ್ಲರೂ ನಕ್ಕರು. ನಕ್ಕಮೇಲೆ ಅಪ್ಪ ಎದುರಿಗಿದ್ದಾನೆಂದು ನೆನಪಾಗಿ ಕೆಮ್ಮಿದರು.

ಹುಡುಗಿಗೆ ಆ ಸಂಬಂಧ ಇಷ್ಟವಿತ್ತೇ ಎಂದು ಯಾರೂ ಕೇಳಲಿಲ್ಲ. ಚಪ್ಪಲಿಯ ಪಟ್ಟಿ ಕಿತ್ತುಹೋದ ಬಗೆ ಅದಕ್ಕಿಂತ ರುಚಿಯಾಗಿತ್ತು. ನಿವೃತ್ತ ಮಾಸ್ತರರೊಬ್ಬರು ತಮ್ಮ ಚಪ್ಪಲಿಯನ್ನೇ ಕಳಚಿ, ಜಗ್ಗಿ ತೋರಿಸಲು ಹೋಗಿ, ಅದರ ಉಂಗುಟವನ್ನೇ ಕಿತ್ತುಕೊಂಡರು. ಅದೂ ಪುರಾವೆಯಾಯಿತು.

ಒಳಬಾಗಿಲಲ್ಲಿ ಪರಿಮಳಾ ಬಂದು ನಿಂತಳು. ಅಭಿಜ್ಞಾಳ ತಾಯಿ. ವಾರದಿಂದ ದೇವರ ಮುಂದೆ ಕೂತು ಸ್ತೋತ್ರ ಹೇಳುತ್ತ ಅವಳ ದನಿ ಕಟ್ಟಿತ್ತು.

"ಅದು ಹಳೇ ಜೋಡು," ಎಂದಳು ಗಂಡನಿಗೆ. "ಕೂಸು ಅವತ್ತು ಅದನ್ನ ಹಾಕ್ಯಂಡು ಹೋದ್ದಿಲ್ಲೆ."

"ನೀ ಒಳಗೆ ಕೂತ್ಕ," ಎಂದ ರಘುಪತಿ, ಮೆತ್ತಗೆ. ಸಭೆಯ ಕಡೆ ತಿರುಗಿದ. "ಹೆತ್ತ ಕರುಳು. ಒಪ್ಪುವುದಿಲ್ಲ."

ಕಾವ್ಯಶ್ರೀ ಹೆತ್ತ ಕರುಳನ್ನು ಹತ್ತಿರದಿಂದ ತೋರಿಸಿದಳು. ಪರದೆಯ ಮೇಲೆ ಕೆಂಪು ಹೃದಯಗಳು ಹಾರಿದವು. ಪರಿಮಳಾ ಹೇಳಿದ್ದು ಮಾತ್ರ ಯಾರ ಕಿವಿಗೂ ಬೀಳಲಿಲ್ಲ, ಅದರಲ್ಲಿ ರಾಗವಿರಲಿಲ್ಲ.

"ಯನ್ನ ಫೋನಾದ್ರೂ ಕೊಡಿ," ಎಂದು ಪರಿಮಳಾ ಕೈ ಚಾಚಿದಳು.

"ಕಂಡಕಂಡವು ಫೋನ್ ಮಾಡಿ ಕಾಡ್ತ. ಯನ್ನ ಹತ್ರೇ ಇರ್ಲಿ." ಅವನು ಅಂಗಿಯ ಕಿಸೆ ಮುಟ್ಟಿಕೊಂಡ. ಹೆಂಡತಿಯನ್ನು ನೋಡಿಕೊಂಡರೆ ಹೀಗೆ ನೋಡಿಕೊಳ್ಳಬೇಕು ಎಂಬಂತೆ ನಾಲ್ಕಾರು ತಲೆಗಳು ಆಡಿದವು. ಪರಿಮಳಾ ಒಳಗೆ ಹೋದಳು.

"ಹೆಣ ಸಿಗಲಿಲ್ಲಂದ್ರ ಮುಂದೇನ್ರಿ?" ಶಂಕ್ರಪ್ಪನಿಗೆ ಮುಂದಿನದರ ಚಿಂತೆ.

"ದರ್ಭೆಯಲ್ಲಿ ಆಕಾರ ಮಾಡಿ ಸುಡುವ ಕ್ರಮ ಉಂಟು. ಭಟ್ಟರಿಗೆ ಹೇಳಿಯಾಯ್ತು. ನಾಳೆ ಬೆಳಿಗ್ಗೆ."

"ಏನ್ ಗಟ್ಟಿ ಎದಿರೀ ನಿಮ್ದು!" ಎಂದು ಶಂಕ್ರಪ್ಪ ಕಣ್ಣೊರೆಸಿಕೊಂಡ. ವರ್ಷಗಟ್ಟಲೆ ಕಾದು, ಎಲ್ಲ ಆಸೆಯೂ ಬತ್ತಿದ ಮೇಲೆ ಮಾಡುವ ವಿಧಿ ಅದು. ವಾರಕ್ಕೇ ಯಾಕೆ ಎಂದು ಕೇಳಲು ಅಲ್ಲೊಂದು ನಾಲಿಗೆಯೂ ಇರಲಿಲ್ಲ. ಅಷ್ಟೂ ನಾಲಿಗೆಗಳು ಚಪ್ಪಲಿಗೆ ಮೀಸಲಾಗಿದ್ದವು.

ಕಾವ್ಯಶ್ರೀ ಮೊಬೈಲು ನೋಡಿ ಕೂಗಿದಳು. "ಮಂಜನ ಆಟೊಗೆ ಕಲ್ಲು ಹೊಡೆದಿದಾರಂತೆ! ಅವನಿಗೂ ಬಿದ್ದದೆ. ತಲೆ ಒಡೆದು ಆಸ್ಪತ್ರೆಗೆ ಹಾಕಿದಾರಂತೆ. ಉಳಿಯೋದು ಕಷ್ಟ ಅಂತಿದಾರೆ."

ಯಾರೋ ಚಪ್ಪಾಳೆ ತಟ್ಟಿದರು. ಒಬ್ಬರು ತಟ್ಟಿದ ಮೇಲೆ ಎಲ್ಲರೂ ತಟ್ಟಿದರು.

ರಘುಪತಿ ತಟ್ಟಲಿಲ್ಲ. "ನ್ಯಾಯಕ್ಕೆ ತನ್ನದೇ ದಾರಿಯಿದೆ," ಎಂದ. ಅಷ್ಟರಲ್ಲಿ ಅವನ ಕಿಸೆ ನಡುಗಿತು. ನೀರು ಕುಡಿದು ಬರುತ್ತೇನೆಂದು ಎದ್ದು, ಒಳಮನೆ ದಾಟಿ, ಹಿತ್ತಿಲಿಗೆ ಹೋಗಿ ಬಾಗಿಲು ಎಳೆದುಕೊಂಡ. ಹೆಂಡತಿಯ ಫೋನನ್ನು ಕಿವಿಗಿಟ್ಟ.

"ಆಯೀ?" ಎಂದು ಅಮ್ಮನನ್ನು ಕರೆಯಿತು ಆಚೆಯ ದನಿ.

"ಆಯಿ ಅಲ್ಲ, ಆನು. ಈ ನಂಬರಿಗೆ ಫೋನ್ ಮಾಡಡ ಹೇಳಿ ಅವತ್ತೇ ಹೇಳಿದ್ನಲೇ?"

"ಅಪ್ಪಯ್ಯ, ಚಾನೆಲ್ಲಲ್ಲಿ ಎಲ್ಲ ನೋಡ್ತಾ ಇದ್ದೆ. ಜನ ಮಂಜಣ್ಣನ್ನ ಕೊಲ್ತಾ ಇದ್ದ! ಆನು ಶಿರಸಿಲಿ ಗೆಳತಿ ಮನೇಲಿ ಆರಾಮಿದ್ದೆ ಹೇಳಿ ನಿಂಗೆ ಮೊದಲ ದಿನವೇ ಹೇಳಿದ್ದೆ. ಯಾರಿಗೂ ಹೇಳಿದ್ದಿಲ್ಯ?"

ರಘುಪತಿ ಬಾಗಿಲಿನತ್ತ ನೋಡಿದ. ಸಭೆ ಅವನಿಗಾಗಿ ಕಾಯುತ್ತಿತ್ತು. ದನಿ ತಗ್ಗಿಸಿದ.

"ಓಡಿಹೋದ ಕೂಸಿನ ಅಪ್ಪ ಹೇಳಿಸ್ಕ್ಯಂಡು ಈ ಪೇಟೇಲಿ ಯಂಗೆ ತಲೆ ಎತ್ತೂಲೆ ಆಗ್ತಿಲ್ಲೆ, ಮಗಳೇ. ಸತ್ತ ಕೂಸಿನ ಅಪ್ಪ ಆದ್ರೆ ಜನ ಕೈ ಮುಗೀತ. ನಾಳೆಗೆ ಎಲ್ಲ ಮುಗೀತು. ಎಲ್ಲಿ ಬೇಕಾದ್ರೂ ಇರು, ಈ ಕಡೆ ಮುಖ ತೋರ್ಸಡ. ನಿನ್ನ ಕಾಲಿಗೆ ಬೀಳ್ತೆ."

ಫೋನಿನ ಆಚೆ ಬಸ್ಸಿನ ಕಂಡಕ್ಟರು "ಸಿದ್ದಾಪುರ, ಸಿದ್ದಾಪುರ" ಎಂದು ಕೂಗುತ್ತಿದ್ದ.

"ಆಗ್ತಿಲ್ಲೆ," ಎಂದಳು ಅಭಿಜ್ಞಾ.